ಹಳೆ ಕಾರಿನ ಸುತ್ತುಗೀರು ತೆಗೆಯೋಕೆ ಮೆಷಿನ್ ಪಾಲಿಶ್: ಯಾವ ಮೆಷಿನ್, ಯಾವ ಪ್ಯಾಡ್, ಪೇಂಟ್ ಎಷ್ಟು ತಡೆಯುತ್ತೆ?

ಸಿಲ್ವರ್‌ಓಕ್, ವಿರಾಜಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ಕಾರು 2006ರ ಸ್ವಿಫ್ಟ್, ಕಪ್ಪು ಮೆಟಾಲಿಕ್. ನೆರಳಲ್ಲಿ ನಿಂತಾಗ ಪರವಾಗಿಲ್ಲ. ಬಿಸಿಲಿಗೆ ಬಂದರೆ ಮಾತ್ರ ಎಲ್ಲಿ ನೋಡಿದರೂ ಜೇಡರ ಬಲೆ ಹರಡಿದ ಹಾಗೆ ಸುತ್ತುಸುತ್ತು ಗೀರು. ಉಗುರಲ್ಲಿ ಕೆರೆದರೆ ಹೆಚ್ಚಿನವು ಕೈಗೆ ಸಿಗೋದಿಲ್ಲ. ಬಲಗಡೆ ಹಿಂದಿನ ಬಾಗಿಲಲ್ಲಿ ಒಂದೆರಡು ಮಾತ್ರ ಉಗುರಿಗೆ ತಡೆಯುತ್ತವೆ.

ಪೇಂಟ್ ದಪ್ಪ ಅಳೆಯೋ ಗೇಜ್ ಸಿಕ್ಕಿತ್ತು, ಲೆಕ್ಕ ಹೀಗಿದೆ: ಟಾಪ್ 92ರಿಂದ 98 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಮುಂದಿನ ಎರಡೂ ಬಾಗಿಲು ಮತ್ತು ಡಿಕ್ಕಿ 105ರಿಂದ 115, ಬಾನೆಟ್ 190 ಆಸುಪಾಸು, ಎಡಗಡೆ ಹಿಂದಿನ ಬಾಗಿಲು ಕೆಲವು ಕಡೆ 300 ದಾಟುತ್ತೆ. ಬಾನೆಟ್ ಮತ್ತು ಆ ಬಾಗಿಲು ಹಿಂದಿನ ಮಾಲೀಕರ ಕಾಲದಲ್ಲಿ ಪೇಂಟ್ ಆಗಿರಬೇಕು. ಡಬಲ್ ಆಕ್ಷನ್ ಮೆಷಿನ್ (ಪ್ಯಾಡ್ ತಿರುಗುತ್ತಾ ಓಲಾಡೋದು) ತಗೊಳ್ಳೋದಾ, ರೋಟರಿಯಾ (ಪ್ಯಾಡ್ ಇದ್ದಲ್ಲೇ ಗಿರ್ರನೆ ತಿರುಗೋದು)? ಎಷ್ಟು ಪ್ಯಾಡ್, ಎಷ್ಟು ಕಾಂಪೌಂಡ್ (ಗೀರು ಉಜ್ಜಿ ತೆಗೆಯೋ ಪೇಸ್ಟ್) ಬೇಕು? ಮಳೆ ಶುರುವಾಗೋ ಮೊದಲು ಮುಗಿಸಬೇಕಾ, ಇಲ್ಲ ಡಿಸೆಂಬರ್‌ವರೆಗೆ ಕಾಯೋದು ಒಳ್ಳೇದಾ?

ಮೈಕ್ರಾನ್

ಅಳತೆ ಹಾಕಿಯೇ ಕೇಳಿದ್ದೀರಿ, ಅರ್ಧ ಕೆಲಸ ಆದಂತೆ. ಆದರೆ ಆ ಗೇಜ್ ತೋರಿಸುವುದು ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿದ ದಪ್ಪ. 110 ಅಂದರೆ ಅದರಲ್ಲಿ ಮೇಲಿನ ಕ್ಲಿಯರ್ 35ರಿಂದ 45 ಇರಬಹುದು ಅಷ್ಟೆ. ಬಿಸಿಲಿನಿಂದ ಕಾಯುವ ಯುವಿ ಅಂಶ ಇರುವುದೂ ಅದರಲ್ಲೇ. ಕಾರಿನ ಇಡೀ ಆಯುಷ್ಯದಲ್ಲಿ ತೆಗೆಯುವುದು ಒಟ್ಟು 7-8 ಮೈಕ್ರಾನ್ ಮೀರದಂತೆ ನೋಡಿಕೊಳ್ಳಿ. ಕಾಂಪೌಂಡ್ ಮತ್ತು ಫಿನಿಶಿಂಗ್ ಎರಡೂ ಹಂತ ಮಾಡಿದರೆ 3ರಿಂದ 5 ಹೋಗುತ್ತದೆ. ಸುತ್ತುಗೀರಿಗೆ ಅದು ಸಾಕು. ಉಗುರಿಗೆ ತಡೆಯುವ ಗೀರಿಗೆ ಸಾಕಾಗುವುದಿಲ್ಲ, ಅದರ ಬೆನ್ನು ಹತ್ತಲೂ ಬೇಡಿ. ಅಂಚು ಸ್ವಲ್ಪ ದುಂಡಗಾದರೆ ಬೆಳಕು ಹಿಡಿಯುವುದು ಕಡಿಮೆಯಾಗಿ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿಗೆ ಬಿಡಿ. ಟಾಪಿಗೆ ಒಂದೇ ಹಂತ, ಮೃದು ಪ್ಯಾಡ್. ಹೇಗೂ ಅದನ್ನು ನೋಡುವವರು ಕಡಿಮೆ.

300 ದಾಟಿರುವ ಬಾಗಿಲಲ್ಲಿ ಪೇಂಟ್ ಅಡಿಯಲ್ಲಿ ಪುಟ್ಟಿ ಇರಬಹುದು. ಪುಟ್ಟಿಗೆ ಶಾಖ ಹರಿದುಹೋಗುವುದಿಲ್ಲ, ತಗಡಿಗಿಂತ ಬೇಗ ಮೇಲ್ಮೈ ಕಾಯುತ್ತದೆ. ದಪ್ಪ ಇದೆ ಅಂತ ಧೈರ್ಯ ಮಾಡಿ ಉಜ್ಜಿದರೆ ಪೇಂಟ್ ಮೆದುವಾಗಿ ಎಳೆಯುತ್ತದೆ. ಕೈಯ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಇಡೋಕೆ ಆಗದಷ್ಟು ಬಿಸಿಯಾದರೆ ತಡವಾಯ್ತು ಅಂತ ಅರ್ಥ. ಪ್ಲಾಸ್ಟಿಕ್ ಬಂಪರಿಗೂ ಇದೇ ಮಾತು. ಅಲ್ಲಿ ಮಾಮೂಲಿ ಗೇಜ್ ಅಳತೆಯನ್ನೂ ಕೊಡುವುದಿಲ್ಲ.

ಮೆಷಿನ್: ಡಬಲ್ ಆಕ್ಷನ್, 15 ಮಿಮೀ ಥ್ರೋ (ಪ್ಯಾಡ್ ಓಲಾಡುವ ಅಗಲ), 125 ಮಿಮೀ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ), 700ರಿಂದ 900 ವ್ಯಾಟ್. ಶಕ್ತಿ ಕಡಿಮೆಯಿರುವ ಅಗ್ಗದ ಮೆಷಿನ್ ತಗೊಂಡರೆ ಸ್ವಿಫ್ಟಿನ ಉಬ್ಬುತಗ್ಗಿನ ಮೇಲೆ ಸುತ್ತುವುದನ್ನೇ ನಿಲ್ಲಿಸಿ ಬರೀ ನಡುಗುತ್ತದೆ, ಕೆಲಸ ಮಾಡುವುದಿಲ್ಲ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಳ್ಳಿ. ಗೆರೆ ತಿರುಗುವುದು ಕಾಣುತ್ತಿದ್ದರೆ ಪ್ಯಾಡ್ ಕತ್ತರಿಸುತ್ತಿದೆ. ನಿಂತರೆ ನೀವು ಒತ್ತಿದ್ದು ಜಾಸ್ತಿ, ಇಲ್ಲವೇ ಮೆಷಿನ್ ವಾಲಿದೆ.

ಸಾಮಾನು: 5.5 ಇಂಚಿನ ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ 4, ಮಧ್ಯಮ ಫೋಮ್ 3, ಮೃದು ಫೋಮ್ 3. ಕಾಂಪೌಂಡ್ 250 ಮಿಲಿ, ಫಿನಿಶಿಂಗ್ ಪಾಲಿಶ್ 250 ಮಿಲಿ. ಈ ಗಾತ್ರದ ಕಾರಿಗೆ ತಲಾ 100-150 ಮಿಲಿಗಿಂತ ಖರ್ಚಾಗುವುದಿಲ್ಲ. ಅಂಚು ಹೊಲಿಯದ ಮೈಕ್ರೋಫೈಬರ್ ಬಟ್ಟೆ ಒಂದು ಡಜನ್, 18 ಅಥವಾ 24 ಮಿಮೀ ಮಾಸ್ಕಿಂಗ್ ಟೇಪ್. ಎಲ್ಲಕ್ಕಿಂತ ಮುಖ್ಯ ಒಂದು ಒಳ್ಳೆ ಎಲ್‌ಇಡಿ ಟಾರ್ಚ್. ಟ್ಯೂಬ್‌ಲೈಟ್ ಬೆಳಕು ಹರಡಿಕೊಂಡು ಗೀರನ್ನು ಮುಚ್ಚುತ್ತದೆ. ಒಂದೇ ಚುಕ್ಕೆಯಿಂದ ಬರುವ ಬೆಳಕಿಗೆ ಮಾತ್ರ ಗೀರು ಕಾಣುವುದು.

ಮೊದಲು ತೊಳೆಯಿರಿ, ಟಾರು ಕಲೆ ಇದ್ದರೆ ಸೀಮೆಎಣ್ಣೆ ಹನಿಸಿದ ಬಟ್ಟೆಯಿಂದ ತೆಗೆದು ಮತ್ತೆ ಶಾಂಪೂ ಹಾಕಿ. ಆಮೇಲೆ ಐರನ್ ರಿಮೂವರ್, ಅಂದರೆ ಪೇಂಟಿಗೆ ಅಂಟಿದ ಕಬ್ಬಿಣದ ಕಣ ಕರಗಿಸುವ ದ್ರವ. ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲೇ ಇಲ್ಲ, ಹಳಿಯ ಕಬ್ಬಿಣದ ಧೂಳು ಎಲ್ಲಿಂದ ಬರಬೇಕು ಅನ್ನಬೇಡಿ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕಿನಿಂದ ಹಾರುವುದೇ ಬೇಕಾದಷ್ಟಿದೆ. ಸಿಂಪಡಿಸಿದ ಕಡೆ ನೇರಳೆ ಬಣ್ಣ ಇಳಿಯುತ್ತದೆ, ಒಣಗುವ ಮೊದಲೇ ತೊಳೆದುಬಿಡಿ. ನಂತರ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಮೆದು ಜೇಡಿಯಂಥ ಮುದ್ದೆ): ಅಂಗೈ ಅಗಲದ ತುಂಡನ್ನು ಚಪ್ಪಟೆ ಮಾಡಿ, ಶಾಂಪೂ ನೀರು ಧಾರಾಳ ಹಾಕಿ, ನೇರ ಹಿಂದೆ ಮುಂದೆ ಆಡಿಸಿ. ನೆಲಕ್ಕೆ ಬಿದ್ದ ಕ್ಲೇ ಕಸದ ಬುಟ್ಟಿಗೆ, ಅದರಲ್ಲಿ ಕಂಜೂಸಿತನ ಬೇಡ.

ರಬ್ಬರ್, ಕಪ್ಪು ಪ್ಲಾಸ್ಟಿಕ್, ಬ್ಯಾಡ್ಜ್, ಚೂಪಾದ ಬಾಡಿ ಲೈನ್ ಎಲ್ಲಕ್ಕೂ ಟೇಪ್ ಹಾಕಿ. ಪೇಂಟ್ ಅತಿ ತೆಳ್ಳಗಿರುವುದೇ ಅಂಚುಗಳಲ್ಲಿ.

ಈಗ ಪರೀಕ್ಷೆಯ ತುಂಡು. ಬಾನೆಟ್ ಮೇಲೆ ಮಾಡಬೇಡಿ, ಅದು ಕಂಪನಿ ಪೇಂಟ್ ಅಲ್ಲ. ಡಿಕ್ಕಿ ಬಾಗಿಲ ಮೇಲೆ 45 ಸೆಂಮೀ ಉದ್ದಗಲದ ಚೌಕ ಹಾಕಿಕೊಂಡು ಮೃದು ಫೋಮ್ ಮತ್ತು ಫಿನಿಶಿಂಗ್ ಪಾಲಿಶಿನಿಂದ ಶುರು ಮಾಡಿ. ಗೀರು ಉಳಿದರೆ ಮಧ್ಯಮ ಫೋಮ್. ಆಗಲೂ ಉಳಿದರೆ ಮಾತ್ರ ಮೈಕ್ರೋಫೈಬರ್ ಮತ್ತು ಕಾಂಪೌಂಡ್. ಹೊಸ ಪ್ಯಾಡಿಗೆ ಮೊದಲ ಸಲ ಕಾಂಪೌಂಡ್ ಇಡೀ ಮೈಗೆ ಬೆರಳಲ್ಲಿ ತೀಡಿ, ಆಮೇಲೆ ಪ್ರತಿ ಚೌಕಕ್ಕೆ ಬಟಾಣಿ ಗಾತ್ರದ 3-4 ಹನಿ ಸಾಕು. ಮೆಷಿನ್ ಪೇಂಟ್ ಮೇಲೆ ಇಟ್ಟ ಮೇಲೆಯೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಗೋಡೆಗೆಲ್ಲ ಎರಚುತ್ತದೆ. 1ನೇ ವೇಗದಲ್ಲಿ ಹರಡಿ, 4 ಅಥವಾ 5ಕ್ಕೆ ಏರಿಸಿ. ಕೈ ಸೆಕೆಂಡಿಗೆ 2-3 ಸೆಂಮೀ ಮಾತ್ರ ಸರಿಯಬೇಕು, ಒಂದು ಸಾಲಿನ ಮೇಲೆ ಅರ್ಧ ಬರುವಂತೆ ಇನ್ನೊಂದು ಸಾಲು. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೀಗೆ 4ರಿಂದ 6 ಸಲ. ಶುರುವಲ್ಲಿ ಒತ್ತಡ ಇರಲಿ, ಕೊನೆಯ ಎರಡು ಸಲ ಬರೀ ಮೆಷಿನ್ ತೂಕ. ಹೊಸಬರು ಎಡವುವುದು ಕೈವೇಗದಲ್ಲೇ, ನೆಲ ಒರೆಸುವ ಹಾಗೆ ಸರಸರ ಓಡಿಸುತ್ತಾರೆ. ಕಾಂಪೌಂಡ್ ಮುಗಿದಿರುತ್ತದೆ, ಗೀರು ಅಲ್ಲೇ ಇರುತ್ತದೆ.

ಒರೆಸಿದ ಮೇಲೆ ಐಪಿಎ ಹೊಡೆದು ನೋಡದೆ ತೀರ್ಮಾನಕ್ಕೆ ಬರಬೇಡಿ. 150 ಮಿಲಿ ಐಸೋಪ್ರೊಪೈಲ್ ಆಲ್ಕೋಹಾಲಿಗೆ 850 ಮಿಲಿ ನೀರು. ಪಾಲಿಶಿನ ಎಣ್ಣೆ ಗೀರಿನೊಳಗೆ ಕೂತು ಇಲ್ಲದ ಹೊಳಪು ತೋರಿಸುತ್ತದೆ, ಅದು ಹೋದ ಮೇಲೆ ಉಳಿದದ್ದೇ ನಿಜವಾದ ಫಲಿತಾಂಶ.

ಉಣ್ಣೆಪ್ಯಾಡ್

ಮೇಲಿನವರು ಹೇಳಿದ್ದು ಸರಿ, ಆದರೆ ರೋಟರಿ ಅಂದ ತಕ್ಷಣ ಎಲ್ಲರೂ ಹೆದರಿಸೋದು ಬೇಡ. ಪೇಂಟ್ ಆದ ಬಾನೆಟ್‌ನಲ್ಲಿ ವಾಟರ್ ಪೇಪರ್ ಗೆರೆ ಉಳಿದಿದ್ದರೆ ಡಬಲ್ ಆಕ್ಷನ್ನಲ್ಲಿ ಕೈ ಬಿದ್ದುಹೋಗುತ್ತೆ. ರೋಟರಿಯಲ್ಲಿ 1000-1200 ಆರ್‌ಪಿಎಂ, ಉಣ್ಣೆ ಪ್ಯಾಡ್, ಮೆಷಿನ್ ನಿಲ್ಲದ ಹಾಗೆ ಸರಿಸ್ತಾ ಹೋದರೆ ಅದೇ ಕೆಲಸ ಕಾಲು ಭಾಗ ಹೊತ್ತಲ್ಲಿ ಆಗುತ್ತೆ. ಕೆಡೋದು ಎಲ್ಲಿ ಗೊತ್ತಾ? ನಮ್ಮ ಕಡೆ ರಬ್ಬಿಂಗ್ ಅಂತ ಮಾಡ್ತಾರಲ್ಲ, ಹಿಂದಿನ ಕಾರಿನ ಮಣ್ಣು ಕೂತ ಅದೇ ಉಣ್ಣೆ ಪ್ಯಾಡು, ಒರಟು ಕಾಂಪೌಂಡ್, 2500ರ ಮೇಲೆ ವೇಗ. ಡೆಲಿವರಿ ದಿನ ಕನ್ನಡಿ. ಮೂರು ವಾಶ್ ಆದ ಮೇಲೆ ತುಂಬಿದ ಎಣ್ಣೆ ಇಳಿದು ಗೀರೂ ವಾಪಸ್, ಜೊತೆಗೆ ಬಿಸಿಲಲ್ಲಿ ಅಲೆಅಲೆಯಾಗಿ ಓಡೋ ಹೋಲೋಗ್ರಾಮ್ ಬೋನಸ್. ಮೆಷಿನ್ನಿನ ತಪ್ಪಲ್ಲ ಅದು. ರೋಟರಿ ಮಾಡಿದ ಮೇಲೆ ಮೃದು ಫೋಮ್‌ನಲ್ಲಿ ಡಬಲ್ ಆಕ್ಷನ್ ಓಡಿಸಲೇಬೇಕು, ಆ ಕೊನೆ ಹಂತ ಯಾರೂ ಮಾಡಲ್ಲ.

ಆದರೂ ಸಿಲ್ವರ್‌ಓಕ್ ಅವರೇ, ಕಾರು ಒಂದೇ ಇದ್ದು ಇದು ಮೊದಲ ಸಲ ಅಂದರೆ ಡಬಲ್ ಆಕ್ಷನ್ನೇ ತಗೊಳ್ಳಿ. ರೋಟರಿ ಕಲಿಯೋಕೆ ಗುಜರಿಯಿಂದ ಒಂದು ಹಳೇ ಬಾನೆಟ್ ತನ್ನಿ. ಅದರ ಬಾಡಿ ಲೈನ್ ಮೇಲೆ ಪ್ರೈಮರ್ ಕಾಣೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿದರೆ ಪಾಠ ತಾನಾಗಿ ಆಗುತ್ತೆ.

ಇನ್ನೊಂದು, ಇದನ್ನು ಓದುತ್ತಿರೋ ಹಳೇ 800, ಓಮ್ನಿ, ಜೀಪ್ ಇರೋರಿಗೆ. ಮೆಟಾಲಿಕ್ ಅಲ್ಲದ ಹಳೆ ಬಣ್ಣದಲ್ಲಿ ಕೆಲವಕ್ಕೆ ಕ್ಲಿಯರ್ ಕೋಟೇ ಇರಲ್ಲ. ಬಾಗಿಲು ತೆಗೆದು ಒಳಅಂಚಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಸಿಂಗಲ್ ಸ್ಟೇಜ್. ಕೆಂಪು ಗಾಡಿ ಗುಲಾಬಿ ಆಗಿರೋದು ಮೇಲಿನ ಸತ್ತ ಪದರದಿಂದ, ಅದು ಮಧ್ಯಮ ಫೋಮಿಗೇ ಹೋಗಿ ಅಡಿಯ ಕೆಂಪು ಎದ್ದು ಬರುತ್ತೆ. ಪ್ಯಾಡ್ ಕೆಂಪಾಯ್ತು ಅಂತ ಗಾಬರಿ ಬೇಡ, ಆದರೆ ಎರಡು ಚೌಕಕ್ಕೊಮ್ಮೆ ಪ್ಯಾಡ್ ಬದಲಿಸಿ. ಸ್ವಿಫ್ಟ್ ಮೆಟಾಲಿಕ್ ಆದ್ದರಿಂದ ಲೆಕ್ಕ ಉಲ್ಟಾ: ಪ್ಯಾಡಿಗೆ ಕಪ್ಪು ಬಂತು ಅಂದರೆ ಕ್ಲಿಯರ್ ತೂತಾಗಿದೆ, ಕೂಡಲೇ ನಿಲ್ಲಿಸಿ. ಪೇಂಟ್ ಆಗಿರೋ ಎರಡು ಪ್ಯಾನೆಲ್ ಮೇಲೆ ಮಾತ್ರ, ಕ್ಲಿಯರ್ ಹೊಡೆಯದೆ ಬಿಟ್ಟಿದ್ದರೂ ಹಾಗಾಗಬಹುದು.

ಮಂಜುಮೋಡ, ಸೋಮವಾರಪೇಟೆ

ಯಾವಾಗ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನ ಒಳಗೆ ಮಾಡಿದರೂ ತಗಡು ಬೆವರುತ್ತದೆ. ಪ್ಯಾನೆಲ್ ಮೇಲೆ ಕಣ್ಣಿಗೆ ಕಾಣದ ತೇವ ಕೂತಿದ್ದರೆ ಕಾಂಪೌಂಡ್ ತೆಳುವಾಗಿ ಜಾರುತ್ತದೆ, ಕತ್ತರಿಸುವುದಿಲ್ಲ. ಐಪಿಎ ಬೇಗ ಆರದೆ ಪಟ್ಟೆ ಬಿಡುತ್ತದೆ. ತೊಳೆದ ಪ್ಯಾಡ್ ಒಣಗುವುದಿಲ್ಲ, ಒದ್ದೆ ಪ್ಯಾಡ್ ಚೀಲದಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಚಳಿಗಾಲದಲ್ಲೂ ಬೆಳಿಗ್ಗೆ ಇಬ್ಬನಿ ಆರಿ, ತಗಡು ಮುಟ್ಟಿದರೆ ತಣ್ಣಗೆ ಕೊರೆಯದಂತಾದ ಮೇಲೆ, ಹತ್ತು ಗಂಟೆ ಆದಮೇಲೆ ಶುರು ಮಾಡಿ. ಕಾಂಪೌಂಡ್ ಬಾಟಲಿ ರಾತ್ರಿ ಶೆಡ್ಡಲ್ಲಿ ಬಿಟ್ಟಿದ್ದರೆ ಗಟ್ಟಿಯಾಗಿರುತ್ತದೆ, ಚೆನ್ನಾಗಿ ಕುಲುಕಿ.

ಆದರೆ ಅದೇ ತಿಂಗಳುಗಳಲ್ಲಿ ಕಾಫಿ ಕೊಯ್ಲು. ಕಣದ ಪಕ್ಕ ಕಾರು ನಿಲ್ಲಿಸಿ ಪಾಲಿಶ್ ಮಾಡುವುದೂ ಒಂದೇ, ಮರಳು ಕಾಗದ ಹಾಕಿ ಉಜ್ಜುವುದೂ ಒಂದೇ. ಕಾಫಿ ಹರವುವಾಗ, ಬಳಿಯುವಾಗ ಏಳುವ ಧೂಳು ನೇರ ಪ್ಯಾಡಿಗೆ ಬರುತ್ತದೆ. ಗಾಳಿ ಬರುವ ಕಡೆಗೆ ಟಾರ್ಪಾಲ್ ಕಟ್ಟಿ, ಶುರು ಮಾಡುವ ಮೊದಲು ನೆಲಕ್ಕೆ ನೀರು ಚಿಮುಕಿಸಿ.

ತೋಟದ ಕಾರಿಗೆ ಇನ್ನೆರಡು ಕಲೆ ಖಾಯಂ. ಬೋರ್ಡೋ ದ್ರಾವಣ ಸಿಂಪಡಿಸುವಾಗ ಹತ್ತಿರ ನಿಂತ ಕಾರಿಗೆ ತಿಳಿನೀಲಿ ಚುಕ್ಕೆ ಕೂರುತ್ತದೆ. ಅದು ಸುಣ್ಣ ಮತ್ತು ಮೈಲುತುತ್ತದ ಪುಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಅಲ್ಲೇ ಹೊಸ ಗೀರು. ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಬಟ್ಟೆ ನೆನೆಸಿ ಒಂದೆರಡು ನಿಮಿಷ ಮೇಲೆ ಹೊದಿಸಿ, ಸುಣ್ಣ ಕರಗುತ್ತದೆ, ಆಮೇಲೆ ಧಾರಾಳ ನೀರು. ಮನೆಯಲ್ಲಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಇದೆ ಅಂತ ಅದನ್ನು ಸುರಿಯಬೇಡಿ, ಅದು ಪಂದಿಕರಿಗೇ ಇರಲಿ. ಎರಡನೆಯದು ಹಲಸಿನ ಮೇಣ. ಕೆರೆಯಬೇಡಿ, ತೆಂಗಿನ ಎಣ್ಣೆ ಹಚ್ಚಿ ಮೆದುವಾದ ಮೇಲೆ ಒರೆಸಿ ಶಾಂಪೂ ಹಾಕಿ.

ಕರೆಂಟ್ ವಿಷಯ ಮರೆಯಬೇಡಿ. ಮನೆಯಿಂದ ಶೆಡ್ಡಿಗೆ ಸಣ್ಣ ವೈರಿನ ಎಕ್ಸ್‌ಟೆನ್ಶನ್ ಎಳೆದರೆ ವೋಲ್ಟೇಜ್ ಬಿದ್ದು ಮೆಷಿನ್ ಸೊರಗುತ್ತದೆ, ನೀವು ಪ್ಯಾಡ್ ಸರಿಯಿಲ್ಲ ಅಂದುಕೊಳ್ಳುತ್ತೀರಿ. ಕನಿಷ್ಠ 1.5 ಚದರ ಮಿಮೀ ತಂತಿ ಹಾಕಿ, ಸುರುಳಿ ಪೂರ್ತಿ ಬಿಚ್ಚಿ. ವೈರ್ ಹೆಗಲ ಮೇಲಿಂದ ಬರಲಿ, ಇಲ್ಲದಿದ್ದರೆ ಬಾನೆಟ್ ಮೇಲೆ ಎಳೆದಾಡುತ್ತದೆ.

ಸಿಲ್ವರ್‌ಓಕ್, ವಿರಾಜಪೇಟೆ ಕಡೆ

ತುಂಬಾ ಉಪಕಾರ ಆಯ್ತು. ಡಬಲ್ ಆಕ್ಷನ್ ತರಿಸಿ ಡಿಕ್ಕಿ ಮೇಲೆ ಪರೀಕ್ಷೆ ಮಾಡಿದೆ. ಎರಡೂ ಫೋಮಿನಲ್ಲಿ ಗೀರು ಅರ್ಧದಷ್ಟೇ ಹೋಯ್ತು, ಮೈಕ್ರೋಫೈಬರ್ ಪ್ಯಾಡಿಗೆ ಪೂರ್ತಿ ಹೋಯ್ತು. ಆದರೆ ಟಾರ್ಚ್ ಹಿಡಿದರೆ ಇಡೀ ಚೌಕ ಮಂಜು ಕವಿದ ಹಾಗೆ ಬೂದು. ಪಕ್ಕದ ಚೌಕಗಳಿಗೆ ಹೋದಾಗ ಮೂರನೆಯದಕ್ಕೆ ಪ್ಯಾಡ್ ಕತ್ತರಿಸೋದೇ ನಿಂತು ಪುಡಿ ಉದುರೋಕೆ ಶುರುವಾಯ್ತು, ಅಲ್ಲಲ್ಲಿ ಹಂದಿ ಬಾಲದಂತೆ ಸಣ್ಣ ಸುರುಳಿ ಗೀರೂ ಬಂತು. ಇನ್ನು ಬಾನೆಟ್ ಮೂಲೆಯಲ್ಲಿ ಐಪಿಎ ಒರೆಸಿದ್ದಕ್ಕೆ ಹೊಳಪು ಮಂಕಾಗಿ ಬಟ್ಟೆ ಅಂಟಿದ ಹಾಗಾಯ್ತು. ಏನಾಗಿರಬಹುದು?

ಮೈಕ್ರಾನ್

ಬೂದು ಮಂಜು ಕೆಡುಕಲ್ಲ. ಮೈಕ್ರೋಫೈಬರ್ ಎಳೆ ಕಪ್ಪು ಪೇಂಟ್ ಮೇಲೆ ಬಿಟ್ಟ ಅತಿ ಸಣ್ಣ ಗೀರುಗಳು ಒಟ್ಟಾಗಿ ಹಾಗೆ ಕಾಣುತ್ತವೆ. ಮೃದು ಫೋಮ್, ಫಿನಿಶಿಂಗ್ ಪಾಲಿಶ್, 3ನೇ ವೇಗ, ಒತ್ತಡ ಇಲ್ಲದೆ 4 ಸಲ ಓಡಿಸಿ, ಹೋಗುತ್ತದೆ. ಎರಡನೇ ಹಂತ ಇರುವುದೇ ಅದಕ್ಕೆ.

ಪುಡಿ ಉದುರುವುದು ಪ್ಯಾಡ್ ತುಂಬಿದ ಲಕ್ಷಣ. ತೆಗೆದ ಪೇಂಟ್ ಮತ್ತು ಒಣಗಿದ ಕಾಂಪೌಂಡ್ ಎಳೆಗಳ ನಡುವೆ ಗಟ್ಟಿಯಾಗಿ ಕೂತಿದೆ. ಪ್ರತಿ ಚೌಕ ಆದಮೇಲೆ ನೈಲಾನ್ ಬ್ರಷ್‌ನಿಂದ ಎಳೆ ಎಬ್ಬಿಸಿ, ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಇದ್ದರೆ ಅದರಲ್ಲಿ ಊದಿ. ಊದುವುದು ಕಾರಿನಿಂದ ದೂರ ನಿಂತು. ಮೂರು ನಾಲ್ಕು ಚೌಕಕ್ಕೆ ಪ್ಯಾಡ್ ಬದಲಿಸಿ, 4 ಪ್ಯಾಡ್ ಹೇಳಿದ್ದು ಆ ಲೆಕ್ಕದಲ್ಲೇ. ಕಾಂಪೌಂಡ್ ಕಡಿಮೆಯಾಯ್ತು ಅಂತ ತುಂಬಿದ ಪ್ಯಾಡಿಗೇ ಮತ್ತೆ ಮತ್ತೆ ಸುರಿದರೆ ಇನ್ನೂ ಕೆಸರಾಗುತ್ತದೆ.

ಸುರುಳಿ ಗೀರು ಬಂದಿದ್ದು ಒಂದೇ ಒಂದು ಮರಳು ಕಣ ಪ್ಯಾಡಿಗೆ ಸಿಕ್ಕಿ ಮೆಷಿನ್ ಜೊತೆ ತಿರುಗಿದ್ದರಿಂದ. ಡಿಕ್ಕಿಯ ಗಾಜಿನ ರಬ್ಬರ್ ಸಂದು, ನಂಬರ್ ಪ್ಲೇಟಿನ ಹಿಂಬದಿ ನೋಡಿ. ಅಲ್ಲಿ ಕೆಮ್ಮಣ್ಣು, ಪಾಚಿ ಇದ್ದೇ ಇರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು, ಒಣಗಿಸಿ, ಟೇಪ್ ಅಂಟಿಸಿದ ಮೇಲೆಯೇ ಮುಂದುವರಿಸಿ. ಆ ಪ್ಯಾಡನ್ನು ಪಾತ್ರೆ ಸೋಪಿನಲ್ಲಿ ತೊಳೆದು ನೆರಳಲ್ಲಿ ಮುಖ ಕೆಳಗೆ ಮಾಡಿ ಒಣಗಿಸಿ.

ಬಾನೆಟ್ ವಿಷಯ ಬೇರೆ. ಐಪಿಎಗೆ ಮೆದುವಾಗುವ ಪೇಂಟ್ ಅಂದರೆ ಎನ್‌ಸಿ (ಥಿನ್ನರ್ ಆರಿದರೆ ಗಟ್ಟಿಯಾಗುವ ಹಳೆ ಬಗೆಯ ಪೇಂಟ್) ಇರಬಹುದು, ಅಥವಾ ಹಾರ್ಡನರ್ ಬೆರೆಸಿ ಹೊಡೆಯುವ ಟುಕೆ ಪೇಂಟಿಗೆ ಆ ಹಾರ್ಡನರ್ ಸರಿ ಅಳತೆಗೆ ಬಿದ್ದಿಲ್ಲ. ಬಾನೆಟ್ ಎತ್ತಿ ಒಳಅಂಚಲ್ಲಿ, ಹೊರಗೆ ಕಾಣದ ಕಡೆ ಎನ್‌ಸಿ ಥಿನ್ನರ್ ಅದ್ದಿದ ಬಿಳಿ ಬಟ್ಟೆ ಕೆಲವು ಸೆಕೆಂಡ್ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ, ಇಲ್ಲವೇ ಸರಿಯಾಗಿ ಗಟ್ಟಿಯಾಗದ ಟುಕೆ. ಸರಿಯಾಗಿ ಗಟ್ಟಿಯಾದ ಟುಕೆ ಹಾಗೆ ಕರಗುವುದಿಲ್ಲ. ಕರಗಿದರೆ ಆ ಬಾನೆಟ್ ಮೇಲೆ ಐಪಿಎ, ಮೈಕ್ರೋಫೈಬರ್ ಪ್ಯಾಡ್ ಎರಡೂ ನಿಷಿದ್ಧ. ಮಂಕಾದ ಮೂಲೆ ಪೂರ್ತಿ ಆರಲಿ, ಒಂದೆರಡು ದಿನ ಬಿಡಿ. ಆಮೇಲೆ ಮೃದು ಫೋಮ್, 2-3ನೇ ವೇಗ, ಒಂದು ಕೈ. ಅಷ್ಟಕ್ಕೆ ಬಂದಷ್ಟು ಹೊಳಪು.

ಎಲ್ಲಾದರೂ ಬಿಳಿ ಚಕ್ಕೆ ಎದ್ದು ಕ್ಲಿಯರ್ ಸುಲಿಯುತ್ತಿದ್ದರೆ ಅಲ್ಲಿ ಪ್ಯಾಡ್ ತಾಗಿಸಲೇ ಬೇಡಿ. ಸುಲಿದ ಅಂಚು ಇನ್ನೂ ಎದ್ದು ಬರುತ್ತದೆ, ಅದಕ್ಕೆ ಮರುಪೇಂಟ್ ಬಿಟ್ಟರೆ ದಾರಿ ಇಲ್ಲ.

ಮಂಜುಮೋಡ, ಸೋಮವಾರಪೇಟೆ

ಪಾಲಿಶ್ ಮುಗಿದ ಮೇಲೆ ಐಪಿಎ ಒರೆಸಿ, ಬಾನೆಟ್ಟಿಗೆ ಮಾತ್ರ ಬೇಡ, ಅದೇ ದಿನ ಸೀಲೆಂಟ್ (ಪೇಂಟ್ ಕಾಯುವ ಲೇಪ) ಹಚ್ಚಿ ರಾತ್ರಿಯಿಡೀ ಶೆಡ್ಡಲ್ಲೇ ಬಿಡಿ, ಇಬ್ಬನಿಗೂ ತಾಗಬಾರದು. ತೆಳ್ಳಗೆ ಹಚ್ಚಿದರೆ ಸಾಕು, ದಪ್ಪ ಹಚ್ಚಿದ್ದು ಒರೆಸುವಾಗ ಬಟ್ಟೆಗೇ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಇನ್ನೊಂದು ಕೋಟ್.

ಮತ್ತೆ ಗೀರು ಬರುವುದು ತೊಳೆಯುವ ರೀತಿಯಿಂದ. ಘಾಟಿ ಇಳಿದು ಬಂದ ಕಾರಿಗೆ ಒಣ ಬನಿಯನ್ ಬಟ್ಟೆ ಹಾಕಿ ಧೂಳು ಒರೆಸುವುದು, ಮಳೆಗಾಲದಲ್ಲಿ ತೋಡಿನ ಕೆಂಪು ನೀರು ತಂದು ಎರಚುವುದು, ಈ ಎರಡೂ ನಿಲ್ಲಬೇಕು. ತೋಡಿನ ನೀರೇ ಗತಿ ಅಂದರೆ ಡ್ರಮ್ಮಿನಲ್ಲಿ ತುಂಬಿ ಒಂದು ರಾತ್ರಿ ಬಿಡಿ, ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನದನ್ನು ಮಾತ್ರ ಮೊಗೆಯಿರಿ. ಬಕೆಟ್ ಎರಡು ಇರಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರೀ ನೀರು. ಟಾಪಿನಿಂದ ಕೆಳಕ್ಕೆ ಬನ್ನಿ, ಬಾಗಿಲ ಕೆಳಭಾಗ ಮತ್ತು ಮಡ್‌ಗಾರ್ಡ್ ಕೊನೆಗೆ, ಅದಕ್ಕೆ ಬೇರೆಯೇ ಬಟ್ಟೆ. ಒರೆಸುವ ಟವೆಲನ್ನು ಉಜ್ಜಬೇಡಿ; ಹಾಸಿ, ಒಂದು ತುದಿ ಹಿಡಿದು ನಿಧಾನ ಎಳೆಯಿರಿ.

ಉಣ್ಣೆಪ್ಯಾಡ್

ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ "ವಾಶ್ ಬೇಡ" ಅಂತ ಬರೆಸಿ, ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ. ಡಿಕ್ಕಿಯ ಎರಡನೇ ಹಂತ ಆದಮೇಲೆ ಬಿಸಿಲಲ್ಲಿ ಒಂದು ಫೋಟೋ ಹಾಕಿ, ಬಲಗಡೆ ಬಾಗಿಲಿನ ಆ ಎರಡು ಗೀರಿನದ್ದೂ ಹಾಕಿ. ಬಣ್ಣದ ಪದರ ತಲುಪದೆ ಕ್ಲಿಯರ್‌ನಲ್ಲೇ ನಿಂತಿದ್ದರೆ ಟಚಪ್ ಕ್ಲಿಯರ್ ತುಂಬಿ ಮಟ್ಟ ಮಾಡೋದು ಹೇಗೆ ಅಂತ ಬರೀತೀನಿ.